ಕವುಚಿಟ್ಟ ಚೆಂಬು

ಮುಳಿಪದವಿನಲ್ಲಿ ಬಾಯಾರಿ ಬಂದವರ ಊರನ್ನು ಮೊದಲೇ ಕೇಳುವ ಕ್ರಮವಿರಲಿಲ್ಲ. ಮೊದಲು ನೀರು, ಬೆಲ್ಲ, ಆಮೇಲೆ "ಯಾವ ಊರಾಯ್ತು?" ಈ ಕ್ರಮ ಹುಟ್ಟಿದ್ದು ದೊಡ್ಡ ಮನಸ್ಸಿನಿಂದಲ್ಲ, ಬಿಸಿಲಿನಿಂದ. ಪದವು ಎಂದರೆ ಗುಡ್ಡದ ನೆತ್ತಿಯ ಮೇಲಿನ ಮುರಕಲ್ಲಿನ ಬೋಳು ಬಯಲು; ಮುಳಿಹುಲ್ಲು ಬಿಟ್ಟರೆ ಅಲ್ಲಿ ಇನ್ನೇನೂ ಬೆಳೆಯದು. ಆ ತುದಿಯಿಂದ ಈ ತುದಿಗೆ ನಡೆದರೂ ಒಂದು ಮರದ ನೆರಳಿಲ್ಲ. ಹಾಗಾಗಿ ಪ್ರತಿ ಮನೆಯ ಜಗಲಿಯಲ್ಲೂ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಕುಡಿದವನು ಚೆಂಬನ್ನು ಬೋರಲಾಗಿ ಕವುಚಿಟ್ಟು ಹೋಗಬೇಕು. ಕಂಡ ಮನೆಯವರು ಮತ್ತೆ ತುಂಬಿಸಿಡುತ್ತಿದ್ದರು. "ಪದವಿನವರ ಹತ್ರ ನೀರಲ್ಲದೆ ಬೇರೆಂತ ಉಂಟು?" ಎಂದು ಕೆಳಗಿನ ಗದ್ದೆಯೂರಿನವರು ನಗುತ್ತಿದ್ದರು. ನಗಲಿ ಬಿಡಿ, ಅವರೂ ಕುಡಿದೇ ನಗುತ್ತಿದ್ದದ್ದು.

ಈಗ ಪದವಿನ ಸುತ್ತ ಕಾರ್ಖಾನೆಯ ಬೇಲಿ. ಊರಿನವರು ದಿಕ್ಕಿಗೊಬ್ಬರಾದರು. ಮದುವೆಯಾಗಿ ಒಮಾನಿಗೆ ಬಂದ ದಮಯಂತಿ ಮಾತ್ರ ಮಸ್ಕತ್ತಿನ ವಾದಿ ಕಬೀರ್‌ನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ಫ್ಲ್ಯಾಟಿನ ಬಾಗಿಲ ಹೊರಗೆ, ಸ್ಟೂಲಿನ ಮೇಲೆ ಚೆಂಬು ನೀರು, ತುಂಡು ಬೆಲ್ಲ ಇಡುತ್ತಿದ್ದಳು. ಲಿಫ್ಟಿಲ್ಲದ ಕಟ್ಟಡ, ಗ್ಯಾಸ್ ಹೊತ್ತು ಬಂದವರು, ಪಾರ್ಸೆಲ್ ತಂದವರು ಕುಡಿಯುತ್ತಿದ್ದರು. ಕವುಚಿಡುವವರು ಒಬ್ಬರೂ ಇರಲಿಲ್ಲ. ಕವುಚಿಡುವ ಒಬ್ಬರಾದರೂ ಬಂದರೆ ಕೂರಿಸಿಕೊಂಡು ಊರಿನ ಮಾತಾಡಬೇಕು ಎಂಬ ಆಸೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

"ನಿನ್ನ ಆ ಕಲ್ಲಿನೂರಿಂದ ಇಲ್ಲಿಗೆ ಯಾರು ಬರ್ತಾರೆ ಮಾರಾಯ್ತಿ?" ಎಂದು ಗಂಡ ಪ್ರೇಮನಾಥ ಕೀಟಲೆ ಮಾಡುತ್ತಿದ್ದ. ಅವನು ಗದ್ದೆಯೂರಿನವನೇ, ಇನ್ನೇನು ಹೇಳಿಯಾನು! ಮಗಳು ತೃಷಾ, ಯಾರಾದರೂ ಊರು ಕೇಳಿದರೆ "ಮಸ್ಕತ್" ಎನ್ನುತ್ತಿದ್ದಳು. ಹುಟ್ಟಿ ಬೆಳೆದದ್ದು ಇಲ್ಲೇ, ತಪ್ಪೇನಲ್ಲ. ಆದರೂ ದಮಯಂತಿಯ ಕರುಳು ಚುರ್ ಎನ್ನುತ್ತಿತ್ತು.

ಗುರುವಾರ ಬೆಳಿಗ್ಗೆ ವಾಚ್‌ಮನ್ ಫಾಹಿಮ್ ಬಂದು ತಲೆ ಕೆರೆದುಕೊಂಡ. "ಓನರ್ ಹುಕುಂ, ದೀದಿ. ಬಾಗಿಲ ಹೊರಗೆ ಏನೂ ಇಡಬಾರದಂತೆ. ನಾಳೆಯಿಂದ ಖಲಾಸ್."

ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ತೆಗೆದು ಬಂದವಳು ಕೊನೆಯ ಸಲ ಚೆಂಬು ತುಂಬಿಸೋಣವೆಂದು ಬಾಗಿಲು ತೆರೆದಳು. ಚೆಂಬು ಕವುಚಿಟ್ಟಿತ್ತು.

ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು. "ಫಾಹಿಮ್, ಈಗ ಯಾರು ಮೇಲೆ ಬಂದದ್ದು?"

"ಯಾರೂ ಇಲ್ಲ ದೀದಿ. ಸ್ಕೂಲ್ ಬಸ್ಸಿಂದ ನಿಮ್ಮ ಮಗಳು ಬಂದಳು, ಅಷ್ಟೇ."

ಮೇಲೆ ಬಂದಾಗ, ತನ್ನ ಕೀಲಿಯಿಂದ ಆಗಲೇ ಒಳಗೆ ಬಂದಿದ್ದ ತೃಷಾ ಕೋಣೆಯಲ್ಲಿ ಶೂ ಬಿಚ್ಚುತ್ತಿದ್ದಳು. ಕೆನ್ನೆಯಲ್ಲಿ ಬೆಲ್ಲದ ಉಬ್ಬು.

"ನೀನಾ?"

"ಬಾಟಲ್ ಎಂಪ್ಟಿ ಇತ್ತಮ್ಮ. ಕುಡಿದ್ರೆ ಕವುಚಿಡ್ಬೇಕು ಅಂತ ನೀನೇ ಹೇಳಿದ್ದಲ್ವಾ?"

ದಮಯಂತಿ ಮಗಳ ಎದುರಿಗೆ ಕೂತಳು. ಇಷ್ಟು ವರ್ಷ ಯಾರ ದಾರಿ ಕಾದಳೋ! ನೀರು ಕುಡಿದಾಗಿತ್ತು, ಇನ್ನು ಕೇಳಬಹುದು. ಆದರೂ ಹೆದರುತ್ತಲೇ ಕೇಳಿದಳು.

"ಯಾವ ಊರಾಯ್ತು, ಮಗಾ?"

ತೃಷಾ ಅಮ್ಮನ ಒದ್ದೆ ಕಣ್ಣನ್ನೇ ನೋಡಿ, ಬೆಲ್ಲ ನುಂಗಿದಳು.

"ಮುಳಿಪದವು," ಎಂದಳು.

ದಮಯಂತಿ ಚೆಂಬು ತುಂಬಿಸಿ ಮತ್ತೆ ಹೊರಗಿಟ್ಟಳು. ಖಲಾಸ್ ನಾಳೆಯಿಂದ ತಾನೇ.