ಹುಡುಗಿಯ ಕೊರಳಿನ ಗುಳ್ಳೆಗಳು

ಚಿಕ್ಕಂದಿನಲ್ಲಿ ತನಗೆ ಸೀತಾಳೆ ಸಿಡುಬು ಬಂದಿತ್ತೇ ಇಲ್ಲವೇ ಎಂದು ಹೇಳುವವರು ಆ ಹೊಲಿಗೆಯವಳಿಗೆ ಯಾರೂ ಇರಲಿಲ್ಲ. ತಾಯಿ ತೀರಿಹೋಗಿದ್ದಳು. ತಂದೆಗೆ ಮಗಳು ಎಷ್ಟನೇ ತರಗತಿ ಓದಿದಳೆಂಬುದೇ ನೆನಪಿರಲಿಲ್ಲ. ಈಗ ಅವಳು ಐದು ತಿಂಗಳ ಬಸುರಿ.

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬ ಹುಡುಗಿಯ ಅಳತೆ ತೆಗೆಯುವಾಗ ಕೊರಳಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡವು. “ಬೆವರುಗುಳ್ಳೆ ಕಣಮ್ಮ” ಎಂದಿದ್ದಳು ಹುಡುಗಿಯ ತಾಯಿ. ಸಂಜೆ ಅವಳೇ ಫೋನು ಮಾಡಿದಳು. ಡಾಕ್ಟರು ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಸಿಡುಬು, ಅಂದರಂತೆ.

ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಅತ್ತೆ ಎದ್ದು ಇಸ್ತ್ರಿಪೆಟ್ಟಿಗೆ ಕಾಯಿಸಿ, ಹುಡುಗಿಯ ಬಟ್ಟೆಯನ್ನೂ ಅಳತೆ ಟೇಪನ್ನೂ ತಿಕ್ಕಿದಳು. ಟೇಪು ಮುರುಟಿಕೊಂಡಿತು.

“ಮುಗೀತು. ಇನ್ಯಾವ ರೋಗಾನೂ ಬದುಕಲ್ಲ.”

“ಅತ್ತೆ, ನರ್ಸಕ್ಕನ್ನ ಒಂದು ಮಾತು ಕೇಳೋಣ.”

“ಕೇಳು. ನಾಳೆಯಿಂದ ಗಿರಾಕಿ ಈ ಕಡೆ ತಲೆ ಹಾಕಲ್ಲ. ನಂಗೂ ಬಂದಿತ್ತು, ಸತ್ನಾ?”

“ಆಗ ನೀವು ಬಸುರಿ ಆಗಿದ್ರಾ?”

ಅತ್ತೆ ಸೂಜಿಗೆ ದಾರ ಪೋಣಿಸತೊಡಗಿದಳು.

ಸೊಸೆ ಕರೆದಾಗ ಪಕ್ಕದ ಮನೆಯ ನರ್ಸ್ ಬಂದವಳೇ ಟೇಪು ನೋಡಿದಳು.

“ಏನಮ್ಮ, ಹಾವು ಸುಟ್ರಾ? ಇದು ಗಾಳೀಲೂ ಹರಡುತ್ತೆ. ಒಂದೇ ಕೋಣೇಲಿ ಕೂತಿದ್ರೂ ಅಂಟಬಹುದು.”

“ಮಗೂಗೆ?” ಎಂದಳು ಸೊಸೆ.

“ಎಲ್ರಿಗೂ ತೊಂದರೆ ಆಗಲ್ಲ. ಆದ್ರೆ ಬಸುರೀಲಿ ಬಂದ್ರೆ ತಾಯಿಗೆ ಶ್ವಾಸಕೋಶಕ್ಕೆ ಇಳೀಬಹುದು. ಅಪರೂಪಕ್ಕೆ ಮಗೂಗೂ ಪೆಟ್ಟು. ರಕ್ತ ಪರೀಕ್ಷೆ ಮಾಡ್ತಾರೆ. ತಡೆಯೋ ಶಕ್ತಿ ಇಲ್ದಿದ್ರೆ ಇಂಜೆಕ್ಷನ್ನೋ ಮಾತ್ರೆನೋ ಕೊಡ್ತಾರೆ.”

“ಲಸಿಕೆ ಹಾಕಿಸಿಬಿಡ್ಲಾ?”

“ಬಸುರೀಲಿ ಆ ಲಸಿಕೆ ಹಾಕಲ್ಲ. ಮುಂಚೆನೇ ಹಾಕಿಸ್ಬೇಕಿತ್ತು.”

“ಗುಳ್ಳೆ ಎದ್ರೆ ನೋಡೋಣ” ಎಂದಳು ಅತ್ತೆ.

“ಬೆಂಕಿ ಬಿದ್ಮೇಲೆ ಬಾವಿ ತೋಡ್ತೀರಾ? ಗುಳ್ಳೆ ಎದ್ಮೇಲೆ ಆ ಇಂಜೆಕ್ಷನ್ ಕೊಟ್ಟು ಪ್ರಯೋಜನ ಇಲ್ಲ. ಹೋಗೋ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ವಿಷಯ ಹೇಳಿ. ಅಲ್ಲೂ ಬಸುರಿಯರು ಕೂತಿರ್ತಾರೆ.”

ಅತ್ತೆ ಸೊಸೆಯ ಹೊಟ್ಟೆಯ ಕಡೆ ಒಮ್ಮೆ ನೋಡಿದಳು. ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿದಳು. “ಫೋನ್ ಹಚ್ಚು. ನಾನೂ ಬರ್ತೀನಿ.”

ಪರೀಕ್ಷೆಯಲ್ಲಿ ಸೊಸೆಗೆ ತಡೆಯುವ ಶಕ್ತಿ ಇಲ್ಲವೆಂದು ತಿಳಿಯಿತು. ಇಂಜೆಕ್ಷನ್ ಕೊಟ್ಟರು. ಆದರೂ ಬೆನ್ನಿನ ಮೇಲೆ ಒಂದಷ್ಟು ಗುಳ್ಳೆ ಎದ್ದವು. ಡಾಕ್ಟರು ಮಾತ್ರೆ ಕೊಟ್ಟರು, ಜ್ವರ ಇಳಿಯಿತು. ಮಗು ಗಟ್ಟಿಮುಟ್ಟಾಗಿ ಹುಟ್ಟಿತು.

ಅಕ್ಕತಂಗಿಯರೇ, ಮಗು ಬೇಕೆಂದುಕೊಂಡಾಗಲೇ ಈ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಬಸುರಿಯಿದ್ದಾಗ ಈ ರೋಗ ಬಂದವರ ಹತ್ತಿರ ಇದ್ದದ್ದು ಗೊತ್ತಾದರೆ ಅಂದೇ ಫೋನು ಮಾಡಿ. ಮನೆಯ ಮಗುವಿಗೆ ಬಂದಿದ್ದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಹೊರಗೆ ಕಳಿಸಬೇಡಿ.

ಆ ಅತ್ತೆ ಸೊಸೆ ಕಳೆದುಕೊಂಡದ್ದು ಒಂದು ತಿಂಗಳ ಹೊಲಿಗೆ, ಇಬ್ಬರು ಗಿರಾಕಿಗಳು, ಅಷ್ಟೇ.