ಖುರ್ಚಿ ಮೇಲೆ ಕಸ್ತೂರಿಬಾಯಿ

“ಏ ಮುದುಕಿ, ನಿನ್ನ ಮುಕಳಿಗಿ ಗಾದಿ ಖುರ್ಚಿ ಬೇಕಾತೇನ?”

ದಿಂಡೋರಿಯ ದ್ರಾಕ್ಷಿ ತೋಟದ ಮ್ಯಾನೇಜರ್ ಶ್ರೀಪತಿ ನನ್ನ ಚೀನಾ ಮೊಬೈಲು ಕಸಿದುಕೊಂಡು ಕಿರುಚುತ್ತಿದ್ದ. ಪರದೆಯ ಮೇಲೆ ಮೊನ್ನೆ ನಾನು ಹೊಡೆದ ಫೋಟೊದಲ್ಲಿ ನನ್ನ ಅಜ್ಜಿ ಕಸ್ತೂರಿಬಾಯಿ. ಅವನದೇ ಖುರ್ಚಿ, ಕಾಲ ಮೇಲೆ ಕಾಲು, ಕೈಯಲ್ಲಿ ದ್ರಾಕ್ಷಿ ಗೊನೆ, ಹಲ್ಲಿಲ್ಲದ ಬಾಯಿ ತುಂಬ ನಗು.

“ನಾ ಸತ್ತಮ್ಯಾಲ ಹಾರ ಹಾಕಾಕ ಒಂದ್ ಫೋಟೊ ಬೇಕಲ್ರಿ ಸಾಹೇಬ್ರ,” ಅಂದಳು ಅಜ್ಜಿ. “ರೇಶನ್ ಕಾರ್ಡಿನಾಗಿಂದು ನೋಡಿದ್ರ, ಸತ್ತಮ್ಯಾಲೇ ಹೊಡಿಸಿಕೊಂಡಂಗ ಐತಿ.”

ಬಳ್ಳಿಗಳ ಹಿಂದೆ ಹೆಂಗಸರು ಕಿಸಕ್ಕೆಂದರು. ಶ್ರೀಪತಿಗೆ ಪಿತ್ತ ನೆತ್ತಿಗೇರಿತು. ನಾವು ಕೂಲಿಗೆಂದು ಇಲ್ಲಿಗೆ ಬಂದವರು; ಅವನೂ ನಮ್ಮೂರಿನವನೇ, ದೊಡ್ಡ ಮನೆಯವನು.

“ಊರಾಗ ನಮ್ಮ ಕಟ್ಟಿ ಹತ್ತಾಕ ದಮ್ ಇತ್ತೇನ ನಿಮಗ, ಕೇರಿ ರಂಡೇರ? ಇಲ್ಲಿ ಬಂದ ಖುರ್ಚಿ ಏರ್ತೀರಿ?”

ಒಂದು ಫೋಟೊ ಅಳಿಸಿದರೆ ಅವನ ಸಿಟ್ಟು ಇಳಿಯುವಂತಿರಲಿಲ್ಲ. ಇಡೀ ಮೆಮೊರಿ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿ ಮೊಬೈಲನ್ನು ನನ್ನತ್ತ ಎಸೆದ. ಅಕ್ಕನ ಮದುವೆ, ನಾಶಿಕದ ಕಾಲೇಜಿನ ನನ್ನ ನೋಟ್ಸಿನ ಫೋಟೊ, ಎಲ್ಲ ಸ್ವಾಹಾ. ಆಮೇಲೆ ಪೈಪು ಹಿಡಿದು ಖುರ್ಚಿ ತೊಳೆದ. ಆ ಪೈಪಿನಿಂದ ನಾವು ನೀರು ಕುಡಿಯುವಂತಿಲ್ಲ. ತೊಳೆದ ಖುರ್ಚಿಯನ್ನು ಬಿಸಿಲಿಗಿಟ್ಟು, ಬಟ್ಟೆಯಿಂದ ಒರೆಸಿದ ಅದರ ಕೈ ಮೇಲೆ ತನ್ನ ಮೊಬೈಲು ಮರೆತು, ಊಟಕ್ಕೆ ಒಳಗೆ ಹೋದ.

ನಾನು ಬಿಕ್ಕಿ ಬಿಕ್ಕಿ ಅತ್ತೆ.

“ಹುಚ್ಚಿ,” ಅಂದಳು ಅಜ್ಜಿ, “ಬಿತ್ತನಿ ಬೀಜ ಯಾರರೆ ಒಂದ ಮನ್ಯಾಗ ಇಡ್ತಾರೇನ?”

ನಮ್ಮ ಕೇರಿಯಲ್ಲಿ ಬಿತ್ತನೆ ಜೋಳವನ್ನು ನಾಲ್ಕು ಮನೆಗೆ ಹಂಚಿಡುತ್ತಾರೆ. ಒಂದು ಗುಡಿಸಲಿಗೆ ಬೆಂಕಿ ಬಿದ್ದರೂ ಬೀಜ ಉಳಿಯಬೇಕು. ಮೊಬೈಲು ಬಂದ ಮೇಲೆ ಫೋಟೊಗಳಿಗೂ ಅಜ್ಜಿಯದು ಅದೇ ಕಾನೂನು. ಯಾರೇ ಹೊಡೆಯಲಿ, ರೊಟ್ಟಿ ಬಿಚ್ಚುವ ಹೊತ್ತಿಗೆ ಅದು ಎಲ್ಲರ ಕಾರ್ಡಿಗೆ ಹೋಗಿರಬೇಕು. ಕಳಿಸುತ್ತಿದ್ದವಳು ನಾನೇ. ಅಳುವ ಭರದಲ್ಲಿ ಮರೆತೇಬಿಟ್ಟಿದ್ದೆ!

ನಮ್ಮ ಕೇರಿಯ ಸರೋಜಿನಿ ಅತ್ತೆ ತನ್ನ ಮೊಬೈಲನ್ನು ನನ್ನದರ ಪಕ್ಕಕ್ಕಿಟ್ಟಳು. “ಬ್ಲೂಟೂತ್ ಹಚ್ಚ, ಶುಭಾ.”

ಟ್ರಿಂಗ್! ಅಜ್ಜಿ ಬಂದಳು. ಗೋದಾವರಿಯ ಮೊಬೈಲಿನಿಂದ ಅಕ್ಕನ ಮದುವೆ ಬಂತು. ಚಂದ್ರಾಮಪ್ಪ ಕಾಕಾನ ಡಬ್ಬಾ ಮೊಬೈಲಿನಿಂದ ನೋಟ್ಸೂ ಬಂತು.

“ನಮ್ಮ ತಂಗಿ ನಿನ್ನೆ ಸೊಲ್ಲಾಪುರ ಗಾಡಿ ಹತ್ಯಾಳ. ಆಕಿ ಕಾರ್ಡಿನಾಗೂ ಐತಿ,” ಅಂದಳು ಸರೋಜಿನಿ ಅತ್ತೆ. “ಹೋಗಿ ರೈಲಿಗೇ ಫಾರ್ಮ್ಯಾಟ್ ಹೊಡಿ ಅನ್ನು ಆ ಭಾಡ್ಯಾಗ!”

ನಗುವಿಗೆ ಗಂಟಲಲ್ಲಿ ರೊಟ್ಟಿ ಸಿಕ್ಕಿತು. ಅಷ್ಟರಲ್ಲಿ ನನ್ನ ಪರದೆಯ ಬ್ಲೂಟೂತ್ ಪಟ್ಟಿಯಲ್ಲಿ ಇನ್ನೊಂದು ಹೆಸರು ಮೂಡಿತು: ಶ್ರೀಪತಿ ಸಾಹೇಬ್.

“ಅಜ್ಜಿ, ಕಳಿಸ್ಲೇನ?”

“ಕಳಸ. ಅವನ ಮನ್ಯಾಗೂ ಒಂದ್ ಬೀಜ ಇರ್ಲಿ.”

ಖುರ್ಚಿಯ ಮೇಲಿದ್ದ ಮೊಬೈಲು ಗುಂಯ್‌ಗುಟ್ಟಿತು. ಸ್ವೀಕರಿಸಬೇಕೋ ಬೇಡವೋ ಎಂದು ಕೇಳುತ್ತಿತ್ತು. ಅಜ್ಜಿ ಎದ್ದಳು, ಸೆರಗು ಸಿಕ್ಕಿಸಿದಳು. ಹೋಗಿ ಒದ್ದೆ ಖುರ್ಚಿಯಲ್ಲೇ ಕೂತು ಕಾಲ ಮೇಲೆ ಕಾಲು ಹಾಕಿದಳು.

“ಯಾವದ ಒತ್ಲೆ?”

“ಎಡಗಡೀದ, ಅಜ್ಜಿ!”

ದ್ರಾಕ್ಷಿ ರಸದಲ್ಲಿ ಅಂಟಂಟಾದ ಹೆಬ್ಬೆಟ್ಟು ಒತ್ತಿತು. ಬಾಗಿಲು ದಡ್ ಎಂದಿತು. “ಏಯ್!” ಎನ್ನುತ್ತ ಶ್ರೀಪತಿ ಎಂಜಲು ಕೈಯಲ್ಲೇ ಓಡಿ ಬಂದ. ಬಳ್ಳಿಗಳ ನಡುವಿನಿಂದ ಎಲ್ಲರ ಮೊಬೈಲೂ ಒಟ್ಟಿಗೆ ಮೇಲೆದ್ದವು, ಫೋಟೊ ಹೊಡೆಯಲು.

ಅಜ್ಜಿ ಅಲುಗಲಿಲ್ಲ. ಪರದೆಯ ಮೇಲೆ ಫೋಟೊ ಬರುವ ಗೆರೆ ನಿಧಾನಕ್ಕೆ ತುಂಬುತ್ತಿತ್ತು.

“ಗಡಿಬಿಡಿ ಮಾಡಬ್ಯಾಡ್ರಿ ಸಾಹೇಬ್ರ. ನಾ ಇನ್ನೂ ಅರ್ಧಾ ಬಂದೀನಿ.”