ಟೈಲರ್ ಮನೆಯ ಬೆಕ್ಕು ನುಂಗಿದ ದಾರ

ನಮ್ಮ ಮನೆಯಲ್ಲಿ ಬೆಕ್ಕಿಗೆ ತಿನ್ನಲು ಹಾಕುವವರು ಮೂವರು. ಏನು ಹಾಕಿದೆವು ಎಂದು ಬಾಯಿ ಬಿಡುವವರು ಒಬ್ಬರೂ ಇಲ್ಲ. ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ.

ನಮ್ಮದು ಹೊಲಿಗೆ ಅಂಗಡಿ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅಂಗಡಿ, ಅದರ ಹಿಂದೆ ಮನೆ. ಬಟ್ಟೆ ಕತ್ತರಿಸಿ ಹೊಲಿಯುವುದು ನಮ್ಮ ಮನೆಯವರ ಕೆಲಸ. ಕಾಜಾ, ಗುಂಡಿ, ಅಂಚು ಮಡಿಸುವುದು ನನ್ನ ಪಾಲು. ಅತ್ತೆಯೂ ಮೊದಲು ಹೊಲಿಯುತ್ತಿದ್ದವರೇ. ಮಗನ ಕೈಗೆ ಸೂಜಿ ಕೊಟ್ಟು ಕಲಿಸಿದವರು ಅವರು. ಈಗ ಕಣ್ಣು ಮಂಜಾಗಿದೆ. ಸುಮ್ಮನೆ ಕೂತು ಗೊತ್ತಿಲ್ಲದ ಆ ಕೈಗಳಿಗೆ ಉಳಿದಿರುವ ಒಂದೇ ಕೆಲಸ ಬೆಕ್ಕಿನ ಬೆನ್ನು ಸವರುವುದು. ಬೆಕ್ಕಿನ ಹೆಸರು ಚಿಂದಿ. ಮರಿಯಾಗಿದ್ದಾಗ ಬಟ್ಟೆ ಚೂರುಗಳ ಚೀಲದಲ್ಲಿ ಸಿಕ್ಕಿತ್ತು, ಅದಕ್ಕೇ ಆ ಹೆಸರು. ಅದು ಮಡಿಲಿಗೆ ಬಂದು ಗುರುಗುಟ್ಟಿದರೆ ಅತ್ತೆಗೆ ಹೊತ್ತು ಹೋಗುತ್ತದೆ. ಬರಲು ತಡಮಾಡಿದರೆ ಬೈಗುಳ ನನಗೆ.

ನನ್ನ ತಂಗಿ ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಹಾಯಕಿ. ಒಂದು ರಜೆಯ ದಿನ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಅವಳ ಕಣ್ಣಿಗೆ ಬಿದ್ದದ್ದು, ಅವಳ ಭಾವ ತಮ್ಮ ತಟ್ಟೆಯ ಕೋಳಿ ತುಂಡನ್ನು ರಸದ ಸಮೇತ ಚಿಂದಿಗೆ ಹಾಕುತ್ತಿದ್ದದ್ದು.

“ಭಾವ, ಅದ್ರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದೆ ಅಲ್ವಾ?”

“ಇರ್ದೆ ಮತ್ತೆ? ನಿಮ್ಮಕ್ಕ ಬರೀ ನೀರಲ್ಲಿ ಬೇಯಿಸ್ತಾಳಾ?”

“ಬೆಕ್ಕಿಗೆ ಅವೆರಡೂ ಆಗಲ್ಲ. ರಕ್ತ ಕೆಡುತ್ತೆ. ಹಸೀದು, ಬೇಯಿಸಿದ್ದು, ಪುಡಿ, ಯಾವ್ದೂ ಬೇಡ. ಕೊಡ್ಲೇಬೇಕು ಅನ್ಸಿದ್ರೆ ಒಂದು ತುಂಡು ಮೊದ್ಲೇ ಎತ್ತಿಟ್ಟು, ಉಪ್ಪು ಖಾರ ಇಲ್ದೆ ಬೇಯಿಸಿ, ಮೂಳೆ ತೆಗೆದು ಕೊಡಿ. ಬೆಂದ ಮೂಳೆ ಸೀಳಿಕೊಂಡು ಗಂಟಲಿಗೆ ಚುಚ್ಚುತ್ತೆ.”

“ಓಹೋ! ಇವತ್ತು ಬೆಕ್ಕಿಗೆ ಬೇರೆ ಅಡುಗೆ. ನಾಳೆ ಅದಕ್ಕೊಂದು ಕುರ್ಚಿ, ನಾಡಿದ್ದು ಬಡಿಸೋಕೆ ಒಬ್ಬ ಆಳು. ನೋಡಮ್ಮ, ಬೆಕ್ಕಿಗೆ ದೇವರು ಮೂಗು ಕೊಟ್ಟಿದಾನೆ. ಆಗದ್ದನ್ನ ಅದು ಮೂಸಿ ನೋಡಿ ಬಿಟ್ಬಿಡುತ್ತೆ.”

“ಬಿಡುತ್ತಾ? ಹಾಗಾದ್ರೆ ಅಲ್ಲಿ ನೋಡಿ ಏನು ಮಾಡ್ತಿದೆ.”

ಕೋಳಿ ಮುಗಿಸಿದ ಚಿಂದಿ ಮೆಷಿನ್ ಪೆಡಲಿನ ಕೆಳಗೆ ಹೋಗಿ, ಬಿದ್ದಿದ್ದ ದಾರದ ತುಂಡನ್ನು ನೆಕ್ಕಲು ಶುರುಮಾಡಿತ್ತು. ತಂಗಿ ಓಡಿಹೋಗಿ ದಾರ ಎತ್ತಿಕೊಂಡಳು.

“ಈರುಳ್ಳಿಗಿಂತ ಇದು ಅಪಾಯ ಭಾವ. ಬೆಕ್ಕಿನ ನಾಲಿಗೆ ಮೇಲೆ ಮುಳ್ಳುಮುಳ್ಳಾಗಿರುತ್ತೆ, ಆ ಮುಳ್ಳು ಹಿಂದಕ್ಕೆ ಬಾಗಿರುತ್ತೆ. ದಾರ ಸಿಕ್ಕಿಕೊಂಡ್ರೆ ಉಗುಳೋಕೆ ಆಗಲ್ಲ. ಒಳಗೇ ಹೋಗ್ಬೇಕು. ರಬ್ಬರ್ ಬ್ಯಾಂಡು, ರಿಬ್ಬನ್ನು, ಉಲ್ಲನ್ನು, ಎಲ್ಲಾ ಅದೇ ಕಥೆ.”

“ಟೈಲರ್ ಅಂಗಡೀಲಿ ದಾರ ಇರ್ದೆ ಇಟ್ಟಿಗೆ ಇರುತ್ತಾ? ಆಟ ಆಡುತ್ತೆ ಪಾಪ. ಅಲ್ದೆ ನಾನು ದಿನಾ ಗುಡಿಸ್ತೀನಿ.”

ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ದಾರವನ್ನು ಹಲ್ಲಲ್ಲಿ ಕಡಿದು ನೆಲಕ್ಕೆ ಉಗಿಯುವವರು ಈ ಮಹಾನುಭಾವರು. ಗುಡಿಸುವವಳು ನಾನು.

ಅಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಬಾಯಿ ಹಾಕಿದರು. “ನಮ್ಮ ಕಾಲದ ಬೆಕ್ಕುಗಳು ಸಿಕ್ಕಿದ್ದು ತಿಂದು ಗುಂಡುಕಲ್ಲಿನ ಹಾಗಿದ್ವು.”

“ಎಷ್ಟು ಸತ್ತುಹೋದ್ವು ಅಂತ ಯಾರಾದ್ರೂ ನೋಡಿದ್ರಾ ಅತ್ತೆ? ಬೆಕ್ಕು ಕಾಣದೆ ಹೋದ್ರೆ ಎಲ್ಲೋ ಓಡಿಹೋಯ್ತು ಅಂದ್ಕೊಳ್ತಿದ್ವಿ, ಅಷ್ಟೇ” ಎಂದಳು ತಂಗಿ.

ಅತ್ತೆ ಮುಖ ತಿರುಗಿಸಿದರು. ತಂಗಿ ಕಾಫಿ ಕುಡಿದು ಹೋದಳು. ಅವಳು ಹೇಳಿದ್ದು ಗಾಳಿಗೆ ಹೋಯಿತು.

ಅದಾಗಿ ಕೆಲವು ದಿನಕ್ಕೆ ಚಿಂದಿ ಊಟ ಬಿಟ್ಟಿತು. ಬೆಳಿಗ್ಗೆ ಕತ್ತರಿಸುವ ಮೇಜಿನ ಮೇಲೆ, ಗಿರಾಕಿಯೊಬ್ಬರ ಕೋಟಿನ ಬಟ್ಟೆಯ ಮೇಲೆಯೇ ವಾಂತಿ ಮಾಡಿತು. ಆಮೇಲೆ ಮೇಜಿನ ಕೆಳಗೆ ಮೂಲೆ ಸೇರಿ ಮುದುಡಿ ಕೂತಿತು. ಅತ್ತೆ ಕರೆದರೂ ಬರಲಿಲ್ಲ. ಅದು ಅತ್ತೆಯ ದನಿಗೆ ಬರದೆ ಇದ್ದದ್ದು ಅದೇ ಮೊದಲು. ಕೋಟಿನ ಬಟ್ಟೆ ಒಗೆದು ಒಣಹಾಕಿ ಒಳಗೆ ಬಂದು ನೋಡಿದರೆ, ಅತ್ತೆ ಚಮಚದಲ್ಲಿ ಏನನ್ನೋ ಅರೆಯುತ್ತಿದ್ದಾರೆ.

“ಏನತ್ತೆ ಅದು?”

“ನನ್ನ ಜ್ವರದ ಮಾತ್ರೆ. ಮಗು ಮೈ ಸುಡ್ತಿದೆ. ಕಾಲು ಭಾಗ ಅಷ್ಟೇ.”

ಚಮಚ ಕಿತ್ತುಕೊಂಡು ತಂಗಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿದೆ.

“ಕೊಟ್ಬಿಟ್ರಾ?” ಅವಳು ಕಿರುಚಿದಳು. “ಇಲ್ವಾ? ಸದ್ಯ! ಅತ್ತೆ, ನಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆ ಬೆಕ್ಕಿಗೆ ಚೂರೂ ಕೊಡಬಾರ್ದು. ಒಂದೇ ಮಾತ್ರೆಗೆ ಸಾಯುತ್ತೆ. ನಮಗೆ ಔಷಧಿ, ಅದಕ್ಕೆ ವಿಷ.”

“ಹಾಗಾದ್ರೆ ಉಪ್ಪು ನೀರು ಕುಡಿಸಿ ಇನ್ನೊಂದ್ಸಲ ವಾಂತಿ ಮಾಡಿಸ್ಲಾ?” ಎಂದರು ಅತ್ತೆ.

“ಅದೂ ಬೇಡ! ಏನೂ ಕುಡಿಸ್ಬೇಡಿ! ಸುಮ್ನೆ ಇಲ್ಲಿಗೆ ಕರ್ಕೊಂಡು ಬನ್ನಿ!”

ಆಗಲೇ ಮೇಜಿನ ಕೆಳಗಿನಿಂದ ನಮ್ಮ ಮನೆಯವರ ದನಿ ಬಂತು. “ಏ, ಇಲ್ಲಿ ನೋಡು. ಬಾಲದ ಕೆಳಗೆ ದಾರ ನೇತಾಡ್ತಿದೆ. ಇಷ್ಟೇನಾ! ತೆಗೆದುಬಿಟ್ರೆ ಆಯ್ತು.”

ಹೊಲಿಗೆಯವರ ಕೈ ಗೊತ್ತಲ್ಲ? ದಾರದ ತುದಿ ಎಲ್ಲಿ ಕಂಡರೂ ಅದು ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದೆ ಕೂತವರ ಕಾಲರಿನಿಂದಲೂ ದಾರ ಕಿತ್ತು ಬೈಸಿಕೊಂಡ ಕೈ ಅದು. ಆ ಕೈ ದಾರ ಹಿಡಿದು ಎಳೆದೇಬಿಟ್ಟಿತು. ಚಿಂದಿ ಕೂಗಿದ ಕೂಗಿಗೆ ಎದುರಂಗಡಿಯವರು ಎದ್ದು ನಿಂತರು.

“ಎಳೀಬೇಡಿ ಭಾವಾ!” ಫೋನಿನಲ್ಲಿ ತಂಗಿ. ನಾನು ಬಗ್ಗಿ ಅವರ ಮುಂಗೈಗೆ ಒಂದು ಬಾರಿಸಿದೆ. ಮದುವೆಯಾದ ಮೇಲೆ ಅವರ ಮೇಲೆ ನಾನು ಕೈ ಮಾಡಿದ್ದು ಅದೊಂದೇ ಸಲ, ಅದಕ್ಕೆ ನನಗೆ ಬೇಸರವೂ ಇಲ್ಲ.

ನೇತಾಡುವ ದಾರವನ್ನು ಹಾಗೆಯೇ ಬಿಟ್ಟು, ಚಿಂದಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೆವು. ಅತ್ತೆ ಮನೆಯಲ್ಲಿರಲು ಒಪ್ಪಲಿಲ್ಲ. ಆಟೋದಲ್ಲಿ ದಾರಿಯುದ್ದಕ್ಕೂ ಅದನ್ನು ಎದೆಗೆ ಅವುಚಿಕೊಂಡಿದ್ದರು.

ತಂಗಿಯ ಆಸ್ಪತ್ರೆಯ ಡಾಕ್ಟರಮ್ಮ ಮೊದಲು ನಾಲಿಗೆ ಎತ್ತಿ ಕೆಳಗೆ ನೋಡಿದರು. ಹೊಟ್ಟೆ ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಆಮೇಲೆ ನಮ್ಮ ಕಡೆ ತಿರುಗಿದರು.

“ದಾರ ಎಳೆದವರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು “ನಾನೇ ಮೇಡಂ. ಟೈಲರು” ಎಂದರು.

“ಟೈಲರಾ? ಹಾಗಾದ್ರೆ ನಿಮಗೆ ಸುಲಭವಾಗಿ ಅರ್ಥ ಆಗುತ್ತೆ. ಮಕ್ಕಳ ಫ್ರಾಕಿಗೆ ಸೊಂಟದಲ್ಲಿ ನೆರಿಗೆ ಹೇಗೆ ಹಿಡೀತೀರಿ?”

“ಉದ್ದ ಹೊಲಿಗೆ ಹಾಕಿ, ದಾರದ ಒಂದು ತುದೀಲಿ ಗಂಟು ಹಾಕ್ತೀವಿ. ಇನ್ನೊಂದು ತುದಿ ಎಳೆದ್ರೆ ಬಟ್ಟೆ ಸುಕ್ಕಿಕೊಂಡು ನೆರಿಗೆ ಕೂರುತ್ತೆ.”

“ಈ ಬೆಕ್ಕಿನ ಕರುಳು ಈಗ ಹಾಗೇ ನೆರಿಗೆ ಕೂತಿದೆ. ದಾರದ ಒಂದು ತುದೀಲಿ ಏನೋ ಗಟ್ಟಿಯಾಗಿದೆ, ಅದು ಹೊಟ್ಟೇಲಿ ಸಿಕ್ಕಿಕೊಂಡಿದೆ. ಇನ್ನೊಂದು ತುದಿ ನೀವು ಎಳೆದ್ರಿ. ಬಟ್ಟೆ ತೀರಾ ತೆಳು ಇದ್ದು, ದಾರ ಜೋರಾಗಿ ಎಳೆದ್ರೆ ಏನಾಗುತ್ತೆ?”

ನಮ್ಮ ಮನೆಯವರು ಟವೆಲು ಹಿಂಡುತ್ತ ನಿಂತಿದ್ದರು. “ಸೀಳಿಹೋಗುತ್ತೆ ಮೇಡಂ” ಎಂದರು.

“ಹೊಟ್ಟೆ ಕುಯ್ಯಬೇಕು. ಉಳಿಯುತ್ತೆ ಅಂತ ಈಗ್ಲೇ ಮಾತು ಕೊಡಲ್ಲ.”

ಅತ್ತೆ ಬೆಂಚು ಹಿಡಿದು ಕೂತರು. ಚಿಂದಿಯನ್ನು ಒಳಗೆ ಒಯ್ದು ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದರು. ತಂಗಿ ನಮ್ಮ ಎದುರು ಸ್ಟೂಲು ಎಳೆದುಕೊಂಡಳು. “ಈಗ್ಲಾದ್ರೂ ನಿಜ ಹೇಳಿ. ಅದಕ್ಕೆ ಮನೇಲಿ ಏನೇನು ಹಾಕ್ತಿದ್ರಿ?”

ಅತ್ತೆಯೇ ಮೊದಲು ಶುರುಮಾಡಿದರು. ಒಣದ್ರಾಕ್ಷಿ ಕೊಡುತ್ತಿದ್ದರಂತೆ. ಗಿರಾಕಿಗಳ ಮಕ್ಕಳು ಬಿಟ್ಟುಹೋದ ಚಾಕೊಲೇಟನ್ನೂ. ತಂಗಿ ಹಣೆ ಚಚ್ಚಿಕೊಂಡಳು. ದ್ರಾಕ್ಷಿ ಹಸಿಯಾದರೂ ಒಣಗಿದ್ದಾದರೂ ಕೊಡಕೂಡದು, ಚಾಕೊಲೇಟು ಹೃದಯಕ್ಕೇ ತಗಲುತ್ತದೆ ಎಂದಳು. ನಮ್ಮ ಮನೆಯವರು ಮೆಲ್ಲಗೆ, ಲೋಟದ ತಳದ ಟೀ ತಟ್ಟೆಗೆ ಬಗ್ಗಿಸುತ್ತಿದ್ದೆ ಎಂದರು. ಟೀ ಕಾಫಿಯೂ ಅದೇ ಜಾತಿ, ಮದ್ಯವಂತೂ ಹನಿಯೂ ಬೇಡ, ಉಬ್ಬಲು ಇಟ್ಟ ಬ್ರೆಡ್ ಹಿಟ್ಟು ಹೊಟ್ಟೆಯೊಳಗೂ ಉಬ್ಬುತ್ತದೆ ಎಂದಳು. ಇಷ್ಟೆಲ್ಲ ನನ್ನ ಬೆನ್ನ ಹಿಂದೆ ನಡೆದಿತ್ತು. ನನಗೆ ರೇಗಿಹೋಯಿತು.

“ನೀನೇನು ಹಾಕ್ತಿದ್ದೆ ಅಕ್ಕ?”

“ನಾನಾ? ಬರೀ ಹಾಲು.”

“ದೊಡ್ಡ ಬೆಕ್ಕುಗಳು ಬಹಳಷ್ಟಕ್ಕೆ ಹಾಲು ಜೀರ್ಣ ಆಗಲ್ಲ. ವಿಷ ಅಲ್ಲ, ಆದ್ರೆ ಭೇದಿ ಆಗುತ್ತೆ. ನೀರಿಡು ಸಾಕು.”

ತಾಯಿ ಮಗ ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಆ ಗಳಿಗೆಯಲ್ಲೂ ಅವರಿಗೆ ಅದೊಂದು ಸಮಾಧಾನ.

“ಬಟ್ಟೆ ಬೀರುವಿಗೆ ಹಾಕೋ ನುಸಿ ಗುಳಿಗೆ ಎಲ್ಲಿದೆ? ಅದೂ ವಿಷ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗೋ ಮೊದ್ಲೇ ಬೆಕ್ಕು ಓಡಾಡುತ್ತಾ? ಆಮೇಲೆ ಪಾದ ನೆಕ್ಕಿಕೊಳ್ಳುತ್ತೆ, ಅದೂ ಹೊಟ್ಟೆಗೇ ಹೋಗೋದು. ಮತ್ತೆ ಗಲ್ಲಾ ಪಕ್ಕದಲ್ಲಿ ಹೂದಾನಿ ಇದ್ಯಲ್ಲ, ಅದಕ್ಕೆ ಯಾವತ್ತೂ ಲಿಲ್ಲಿ ಹೂವು ಇಡ್ಬೇಡಿ. ಅದರ ಪರಾಗದ ಪುಡಿ ಮೈಗೆ ತಾಗಿ ನೆಕ್ಕಿಕೊಂಡ್ರೂ ಮೂತ್ರಪಿಂಡ ಹೋಗುತ್ತೆ.”

“ಬೆಕ್ಕು ಸಾಕೋದು ಬಿಟ್ಟು ಆನೆ ಸಾಕ್ಬಹುದಿತ್ತು” ಎಂದು ನಮ್ಮ ಮನೆಯವರು ಗೊಣಗಿದರು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಜೀವ ಇದೆ, ಇನ್ನೆರಡು ದಿನ ನೋಡಬೇಕು ಎಂದರು ಡಾಕ್ಟರಮ್ಮ. ಕೈಯಲ್ಲಿ ತೊಳೆದ ಒಂದು ನೀಲಿ ದಾರ. ಅದರ ತುದಿಯಲ್ಲಿ ಉಂಡೆ ಮಾಡಿ ಕಟ್ಟಿದ ಬಟ್ಟೆಯ ಚೂರು.

“ನೆಲದಲ್ಲಿ ಬಿದ್ದಿದ್ದು ಇರ್ಬೇಕು” ಎಂದರು ನಮ್ಮ ಮನೆಯವರು, ಬೇಗ ಬೇಗ. “ಇವಳು ಸರಿಯಾಗಿ ಗುಡಿಸಿದ್ರೆ ತಾನೆ.”

“ಇಲ್ಲಿ ಕೊಡಿ” ಎಂದು ಅತ್ತೆ ಕೈ ಚಾಚಿದರು. ಕಣ್ಣಿಗೆ ಕಾಣದ್ದನ್ನು ಅವರ ಬೆರಳು ಓದುತ್ತದೆ. ಬಟ್ಟೆಯ ಉಂಡೆ ಹಿಸುಕಿದರು, ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದರು.

“ಇದು ತಾನಾಗಿ ಬಿದ್ದ ದಾರ ಅಲ್ಲ ಕಣೋ. ಎರಡು ಸುತ್ತು ಹಾಕಿ ಬಿಗಿದ ಗಂಟು. ಗುಂಡಿ ಕಿತ್ತುಬರಬಾರ್ದು ಅಂತ ನಾನೇ ನಿನಗೆ ಕಲಿಸಿದ ಗಂಟು ಇದು.”

ನಮ್ಮ ಮನೆಯವರು ಗೋಡೆಗೆ ಒರಗಿದರು. “ಆಟ ಆಡ್ಲಿ ಅಂತ ಕಟ್ಟಿದ್ದೆ ಅಮ್ಮ. ಇವಳ ತಂಗಿ ಬೇಡ ಅಂದ್ಮೇಲೂ ಕಟ್ಟಿದ್ದೆ. ಅದು ಎಗರಿ ಎಗರಿ ಹಿಡೀತಿದ್ರೆ ನೋಡೋಕೆ ಚೆನ್ನಾಗಿರ್ತಿತ್ತು.” ಅಷ್ಟು ಹೇಳಿ ಅತ್ತುಬಿಟ್ಟರು.

ಬೈಯಲೆಂದು ಬೆಂಚಿನ ಮೇಲೆ ಕೂತು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ನನ್ನ ಬಾಯಿಗೆ ಬಂತು. ಅವರ ಮುಖ ನೋಡಿ ಆಗ ನುಂಗಿಕೊಂಡೆ. ಚಿಂದಿ ಬದುಕುತ್ತದೆ ಎಂದು ಗೊತ್ತಾದ ದಿನ, ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ.

ಚಿಂದಿ ಮನೆಗೆ ಬಂತು, ಹೊಟ್ಟೆಯ ತುಂಬ ಹೊಲಿಗೆ ಹಾಕಿಸಿಕೊಂಡು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಆ ಹೊಲಿಗೆಯನ್ನು ನೋಡಿ, “ನಂದಕ್ಕಿಂತ ನೀಟಾಗಿದೆ” ಎಂದು ಒಪ್ಪಿಕೊಂಡರು. ಈಗ ಅಂಗಡಿಯಲ್ಲಿ ಮುಚ್ಚಳದ ಡಬ್ಬವಿದೆ. ಕಡಿದ ದಾರ, ಸೂಜಿ, ಗುಂಡಿ, ರಬ್ಬರ್ ಬ್ಯಾಂಡ್ ಎಲ್ಲ ಅದರೊಳಗೆ. ಮಾತ್ರೆ, ನುಸಿ ಗುಳಿಗೆ, ಫಿನಾಯಿಲ್, ಇಲಿ ಪಾಷಾಣ ಬೀಗ ಹಾಕಿದ ಬೀರುವಿನಲ್ಲಿ. ಚಿಂದಿಗೆ ಆಡಲು ದಾರವಿಲ್ಲದ, ಬಾಯಲ್ಲಿ ಹಿಡಿಸದಷ್ಟು ದೊಡ್ಡ ಬಟ್ಟೆ ಚೆಂಡು. ಕಿರಿಕಿರಿ ಮಾತ್ರ ಮುಗಿದಿಲ್ಲ. ಅಳತೆ ಕೊಡಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು “ನಿಮ್ಮನೇಲಿ ಬೆಕ್ಕಿದ್ಯಾ? ಈರುಳ್ಳಿ ಹಾಕ್ತೀರಾ?” ಎಂದು ನಮ್ಮ ಮನೆಯವರು ಪಾಠ ಶುರುಮಾಡುತ್ತಾರೆ. ಆ ನೀಲಿ ದಾರ ಮೆಷಿನ್ ಎದುರಿನ ಗೋಡೆಯಲ್ಲಿ, ಮೊಳೆಗೆ ತೂಗುಹಾಕಿದೆ. ಅತ್ತೆಯೇ ಹಾಕಿಸಿದ್ದು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಇದೇ ಮಾತು. ಬೆಕ್ಕಿಗೆ ಯಾರು ಏನು ಹಾಕುತ್ತೀರಿ ಎಂದು ಇವತ್ತೇ ಮನೆಯವರನ್ನೆಲ್ಲ ಕೂರಿಸಿ ಕೇಳಿ. ನಾಚಿಕೆ ಬಿಟ್ಟು ನಿಜ ಹೇಳಿ. ಅದು ತಿನ್ನಬಾರದ್ದನ್ನು ತಿಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ದಾರ ಕಂಡರೆ ಎಳೆಯಬೇಡಿ. ತಿಂದದ್ದರ ಪೊಟ್ಟಣವೋ ಚೂರೋ ಇದ್ದರೆ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿ. ನಮ್ಮ ಚಿಂದಿ ಉಳಿದದ್ದು ನಮ್ಮ ಬುದ್ಧಿಯಿಂದಲ್ಲ, ಡಾಕ್ಟರಮ್ಮನ ಕೈಗುಣದಿಂದ. ಎಲ್ಲ ಬೆಕ್ಕಿಗೂ ಆ ಅದೃಷ್ಟ ಇರುವುದಿಲ್ಲ.

ಈಗ ಈ ಹಾಳೆ ಪಕ್ಕಕ್ಕಿಡಿ. ಏಳಿ, ಬಗ್ಗಿ ನಿಮ್ಮ ಮೇಜಿನ ಕೆಳಗೆ ಏನು ಬಿದ್ದಿದೆ ನೋಡಿ.